ಕರಿ ಐದರಲ್ಲಿ ಹಾಡಿದವಳು

ನಾಟಕದಲ್ಲಿ ನಗಿಸುವ ಪಾತ್ರಕ್ಕೆ ಬರಬೇಕೆನ್ನುವ ಹುಡುಗಿಯರು ಆಗಾಗ ಸುರಪುರದ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ಫೋನಿನಲ್ಲಿ ತಮ್ಮ ಹಾಡು ತೋರಿಸಿ, ಕೊನೆಗೆ ಕೇಳುವುದು ಒಂದೇ ಮಾತು: "ಅಕ್ಕಾ, ಮಂದಿನ ನಗಸೋದು ಹ್ಯಾಂಗ್ರಿ?" ನಾನು ಹೇಳುವುದೂ ಒಂದೇ: "ಮೊದಲ ನಿಮ್ಮ ಗಂಟಲಾ ಎಲ್ಲಿ ಕೂಡ್ತದ ನೋಡ್ಕೋರಿ, ನಗಿ ಆಮ್ಯಾಲ." ಈ ಉತ್ತರ ಅವರಿಗೆ ರುಚಿಸುವುದಿಲ್ಲ. ಮುದುಕಿ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡು ಎದ್ದುಹೋಗುತ್ತಾರೆ. ಗುಟ್ಟೇನೂ ಇಲ್ಲ. ನನ್ನ ಗಂಟಲಿನ ಕಥೆ ಪೂರ್ತಿಯಾಗಿ ನನಗೆ ತಿಳಿದದ್ದೇ ಕೆಲಸ ಬಿಟ್ಟ ಮೇಲೆ. ಬಾಯಿಂದ ಹೇಳಲು ಹೋದರೆ ನಡುವೆ ನಾಲ್ಕು ಜನರ ನಕಲು ಮಾಡಿ ದಾರಿ ತಪ್ಪುತ್ತೇನೆ. ಅದಕ್ಕೆ ಬರೆಯಲು ಕುಳಿತಿದ್ದೇನೆ.

ನಮ್ಮ ಕಡೆಯ ಹಳ್ಳಿ ನಾಟಕದ ರೀತಿ ಹೊರಗಿನವರಿಗೆ ವಿಚಿತ್ರ ಅನಿಸೀತು. ಊರಿನ ಗಂಡಸರೇ ತಿಂಗಳುಗಟ್ಟಲೆ ತಾಲೀಮು ಮಾಡಿ ಪಾತ್ರ ಕಲಿಯುತ್ತಾರೆ. ಕಿರಾಣಿ ಅಂಗಡಿಯವನು ಖಳನಾಯಕ, ಲೈನ್‌ಮನ್ ನಾಯಕ, ಹಿಟ್ಟಿನ ಗಿರಣಿಯವನು ಪೊಲೀಸ್ ಇನ್ಸ್‌ಪೆಕ್ಟರ್. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ನಾವು ಹೋಗುವುದು ನಾಟಕದ ದಿನವೇ. ಬಸ್ಸಿಳಿದು ಚಹಾದಂಗಡಿಯಲ್ಲಿ ನಿಂತು "ಇವತ್ತು ನನ್ನ ಗಂಡ ಯಾರ್ರಿ?" ಎಂದು ಕೇಳಬೇಕು. ಆಗ ಒಬ್ಬ ನಾಚಿಕೊಂಡು ಮುಂದೆ ಬರುತ್ತಾನೆ. ಅವನ ಹಿಂದೆಯೇ ಅವನ ನಿಜವಾದ ಹೆಂಡತಿ ನಿಂತು ನನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಾಳೆ. ನಾನು ಮಾಡುತ್ತಿದ್ದದ್ದು ಕಾಮಿಕ್ ಪಾತ್ರ, ಅಂದರೆ ಮನೆಗೆಲಸದಾಕಿ, ಜಗಳಗಂಟಿ ಸೊಸೆ, ಗಂಡನ ಜುಟ್ಟು ಹಿಡಿಯುವ ಹೆಂಡತಿ. ಹಾಗಾಗಿ ಆ ಹೆಂಡತಿಯರು ನನ್ನನ್ನು ಬೇಗ ಕ್ಷಮಿಸಿಬಿಡುತ್ತಿದ್ದರು.

ನನ್ನನ್ನು ಈ ಕೆಲಸಕ್ಕೆ ತಂದವರು ಸಗರದ ಖಾದರ್ ಮಾಸ್ತರು. ನಮ್ಮಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರೇ ನಾಟಕ ಕಲಿಸುವ ಮಾಸ್ತರೂ ಹೌದು. ಅವರ ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವರು ಪೇಟಿ ಹಿಡಿದ ಊರಿಗೆಲ್ಲ ಶಹಾಪುರದ ಶರಣಪ್ಪನ ತಬಲಾ, ನನ್ನ ಕಾಮಿಕ್ ಹಾಡು, ಮೂರೂ ಒಂದೇ ಗಂಟು. ಬೇರೆ ಪೇಟಿಗೆ ನಾನು ಹಾಡಿದವಳಲ್ಲ. ಮೊದಲ ದಿನವೇ ಅವರು ನನ್ನನ್ನು ಹಾಡಿಸಿ ನೋಡಿ, "ಕರಿ ಐದರಾಗ ಕೂಡ್ತದ" ಎಂದಿದ್ದರು. ಕರಿ ಐದು ಅಂದರೆ ಪೇಟಿಯ ಐದನೆಯ ಕರಿ ಪಟ್ಟಿ, ಎತ್ತರದ ಶ್ರುತಿ. ಅಲ್ಲಿಂದ ಹಾಡು ಎತ್ತಿಕೊಂಡರೆ ಮೈಕು ಕೈಕೊಟ್ಟರೂ ಹಿಂದೆ ಟ್ರ್ಯಾಕ್ಟರಿನಲ್ಲಿ ಕುಳಿತವರಿಗೆ ಕೇಳುತ್ತದೆ. ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಕರಿ ಐದು ಎನ್ನುವುದನ್ನು ಚಂದ್ರವ್ವ ಎಂಬ ನನ್ನ ಹೆಸರಿನ ಮುಂದಿನ ಪದವಿಯ ಹಾಗೆ ಹೇಳಿಕೊಂಡು ತಿರುಗಿದೆ.

ನನಗೊಂದು ಹಾಡು ಕಟ್ಟಿಕೊಟ್ಟವರೂ ಅವರೇ. "ಹನ್ನೆರಡು ರೊಟ್ಟಿ ಬಡದೆನವ್ವ, ಅತ್ತಿ ಹಸಿವು ಹಿಂಗಲಿಲ್ಲ" ಎಂದು ಶುರುವಾಗುತ್ತದೆ. ಎರಡನೆಯ ಸಲ "ಹಿಂಗಲಿಲ್ಲ" ಎನ್ನುವಾಗ ಧ್ವನಿ ಮೇಲೆ ಹತ್ತಿ ಅಲ್ಲೇ ನಿಲ್ಲಬೇಕು. ನಾನು ಕಣ್ಣು ಮೇಲೆ ಮಾಡಿ, ಕೈಯಲ್ಲಿ ಕಾಣದ ರೊಟ್ಟಿ ಹಿಡಿದು, ಉಸಿರು ಮುಗಿಯುವ ತನಕ ನಿಲ್ಲುತ್ತಿದ್ದೆ. ಜನ ಸೀಟಿ ಹೊಡೆದು "ಒನ್ಸ್ ಮೋರ್" ಎನ್ನುತ್ತಿದ್ದರು. ಒಂದು ಸಲ ಸೈದಾಪುರದಲ್ಲಿ ಮುಂದಿನ ಸಾಲುಗಳಲ್ಲಿ ಕಾರ್ಖಾನೆಗೆ ಬಂದ ಪರರಾಜ್ಯದ ಕೂಲಿಕಾರರೇ ತುಂಬಿದ್ದರು. ಕನ್ನಡದ ಗಂಧವಿಲ್ಲ. ಉಳಿದ ನಾಟಕಕ್ಕೆಲ್ಲ ಕಲ್ಲಿನಂತೆ ಕುಳಿತವರು ಆ ನಿಂತ ಸ್ವರಕ್ಕೆ ಹೊಟ್ಟೆ ಹಿಡಿದು ನಕ್ಕರು. ನನ್ನ ಅನ್ನ ಇರುವುದು ಆ ಎತ್ತರದಲ್ಲೇ ಎಂಬುದು ನನಗೆ ಆಗ ಖಾತ್ರಿಯಾಯಿತು.

ಅದು ಹೋದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ನನಗಿಂತ ಮೊದಲು ಖಾದರ್ ಮಾಸ್ತರ ಜೋಡಿ ಕಾಮಿಕ್ ಹಾಡುತ್ತಿದ್ದವಳು ಪದ್ಮಕ್ಕ. ಏನು ಧ್ವನಿ, ಏನು ಠೀವಿ. ಗಂಟಲು ಬಿದ್ದ ಮೇಲೆ ಅವಳಿಗೆ ತಾಯಿ ಪಾತ್ರ ಕೊಟ್ಟರು. ನಾಟಕದ ತಾಯಿಗೆ ಹಾಡಿಲ್ಲ, ಕೆಮ್ಮು ಮಾತ್ರ. ಆಮೇಲೆ ಅದಕ್ಕೂ ಕರೆಯಲಿಲ್ಲ. ಒಮ್ಮೆ ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ನನ್ನ ಗಲ್ಲ ಹಿಡಿದು, "ಧ್ವನಿ ಹ್ಯಾಂಗದ ತಂಗಿ?" ಎಂದಳು. ನಾನು ಹೇಗಿದ್ದೇನೆಂದು ಕೇಳಲಿಲ್ಲ, ಧ್ವನಿ ಹೇಗಿದೆಯೆಂದು ಕೇಳಿದಳು. ಬಸ್ಸಿನಲ್ಲಿ ಕುಳಿತ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ಇರಲಿ, ಕೆಲಸದ ಮಾತಿಗೆ ಬರುತ್ತೇನೆ. ಹಳ್ಳಿ ನಾಟಕದಲ್ಲಿ ಕಾಮಿಕ್‌ನವಳ ನಿಜವಾದ ಪರೀಕ್ಷೆ ಆಹೇರಿಯ ಹೊತ್ತಿಗೆ. ಪಾತ್ರ ಮಾಡುವವನ ಬೀಗರು, ನೆಂಟರು ನಾಟಕದ ನಡುವೆಯೇ ಸ್ಟೇಜ್ ಹತ್ತಿ ಟವಲು ಹೊದಿಸುತ್ತಾರೆ, ಉಂಗುರ ತೊಡಿಸುತ್ತಾರೆ. ಕಥೆ ಎಲ್ಲಿಗೆ ಬಂದಿದೆ ಎಂದು ಯಾರೂ ನೋಡುವುದಿಲ್ಲ. ಸಗರದ ಹತ್ತಿರದ ಒಂದು ಊರಿನಲ್ಲಿ ನಾಯಕ ಗುಂಡೇಟು ತಿಂದು ಸತ್ತು ಬಿದ್ದಿದ್ದ. ಹೆಂಡತಿಯ ಪಾತ್ರದವಳು ಅವನ ಪಾದ ಹಿಡಿದು ಅಳುತ್ತಿದ್ದಳು. ಆಗ ಅವನ ಸೋದರಮಾವ ಬಂದ. ಮೈಕಿನಲ್ಲಿ ಹೆಸರು ಕೂಗಿದರು. ಹೆಣ ಎದ್ದು ಕುಳಿತಿತು, ಕೈಮುಗಿಯಿತು, ಉಂಗುರ ತೊಡಿಸಿಕೊಂಡು ಮಾವನ ಕಾಲಿಗೆ ಬಿದ್ದು ಮತ್ತೆ ಸತ್ತಿತು. ಸಾಯುವಾಗ ತಲೆ ಇದ್ದ ಕಡೆ ಕಾಲು ಮಾಡಿ ಮಲಗಿತು. ಹೆಂಡತಿ ಪಾದ ಹಿಡಿದು ಅಳುತ್ತಿದ್ದವಳು ಈಗ ನೋಡಿದರೆ ಜುಟ್ಟು ಹಿಡಿದಿದ್ದಾಳೆ. ಜನ ಗೊಳ್ಳೆಂದರು.

ಮಾಸ್ತರು ನನಗೆ ಕಣ್ಸನ್ನೆ ಮಾಡಿದರು. ನಾನು ಒಳಗಿಂದ ಕಸಬರಿಗೆ ಹಿಡಿದು ಬಂದು ಹೇಳಿದೆ: "ಅಳಬ್ಯಾಡ್ರಿ ಯಕ್ಕಾ. ಮಾವನ ಮಾರಿ ನೋಡಿ ಜೀವ ಬಂದಿತ್ತು, ಉಂಗುರ ಸಣ್ಣದದ ಅಂತ ಗೊತ್ತಾಗಿ ಮತ್ತ ಹೋತು." ಸೋದರಮಾವ ಇನ್ನೂ ಮೆಟ್ಟಿಲ ಮೇಲಿದ್ದ. ವಾಪಸ್ ಬಂದು ಮೈಕು ಕಸಿದುಕೊಂಡು, "ಅರ್ಧ ತೊಲಿ ಅದರಿ!" ಎಂದ. ಹೆಣದ ಹೊಟ್ಟೆ ಗಡಗಡ ಅಲುಗುತ್ತಿತ್ತು. ನಾನು ಗೆದ್ದೆ ಎಂದುಕೊಂಡು ಒಳಗೆ ಹೋದೆ. ಮರುದಿನ ಬಸ್ಸಿನಲ್ಲಿ ಮಾಸ್ತರು ಬಯ್ದರು. "ನಗಸಿದ್ದು ಛಲೋ ಆತು. ಆದ್ರ ಆ ಹೆಣ್ಮಗಳು ಅಳಾಕತ್ತಿದ್ದಳು, ಆಕಿ ಅಳು ಆಕಿಗಿ ವಾಪಸ್ ಕೊಟ್ಟು ಹೋಗಬೇಕಿತ್ತು. ನಡುವ ನಗಸಿ ಓಡಿ ಹೋಗೋದು ಹುಡುಗಾಟ." ಅಂದಿನಿಂದ ನಗಿಸಿದ ಮೇಲೆ ಒಂದು ಗಳಿಗೆ ಅಲ್ಲೇ ನಿಂತು, ನಾನೂ ಕಣ್ಣೊರೆಸಿಕೊಂಡು, ಸ್ಟೇಜನ್ನು ಅಳುವವಳಿಗೆ ಒಪ್ಪಿಸಿ ಹೋಗುವುದನ್ನು ಕಲಿತೆ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಎಡವಟ್ಟುಗಳೂ ಆಗಿವೆ. ರೊಟ್ಟಿ ಹಾಡಿನ ಅತ್ತೆಗೆ ಪ್ರತಿ ಊರಿನಲ್ಲಿ ಒಂದೊಂದು ಹೆಸರಿಡುತ್ತಿದ್ದೆ. ಒಂದು ಊರಿನಲ್ಲಿ ಬಾಯಿಗೆ ಬಂದದ್ದು ಸಿದ್ದವ್ವ. ನಾಟಕ ಆಡಿಸುತ್ತಿದ್ದವನ ತಾಯಿಯ ಹೆಸರೇ ಅದು. ಮುಂದಿನ ಚಾಪೆಯಲ್ಲಿ ಕುಳಿತಿದ್ದ ಆ ಮುದುಕಿ ಸೆರಗು ಕಟ್ಟಿಕೊಂಡು ಎದ್ದಳು. "ಏ ಮೂಳಿ, ಹನ್ನೆರಡು ಯಾವಾಗ ತಿಂದೀನಿ ನಾ? ನನ್ನ ಬಾಯಾಗ ಹಲ್ಲರೆ ಎಷ್ಟದಾವ, ಎಣಿಸು ಬಾ." ಜನ ನನಗೆ ನಕ್ಕದ್ದಕ್ಕಿಂತ ಮೂರು ಪಟ್ಟು ಅವಳಿಗೆ ನಕ್ಕರು. ಆಗ ಮೈಕುಗಳು ಸ್ಟೇಜಿನ ಮೇಲಿಂದ ಹಗ್ಗದಲ್ಲಿ ತೂಗುತ್ತಿದ್ದವು. ಪ್ರತಿಯೊಬ್ಬರೂ ಅದರ ಕೆಳಗೆ ಬಂದು ನಿಂತೇ ಮಾತಾಡಬೇಕು. ನಾನು ಕೆಳಗಿಳಿದು ಅವಳ ಕೈಹಿಡಿದು ತಂದು ಮೈಕಿನ ಕೆಳಗೆ ನಿಲ್ಲಿಸಿದೆ. ನಾನು ಒಂದು ಸಾಲು ಹಾಡುವುದು, ಅವಳು ಒಂದು ಬಯ್ಗುಳ ಬಯ್ಯುವುದು, ಮಾಸ್ತರು ಅವಳ ಬಯ್ಗುಳಕ್ಕೂ ಪೇಟಿ ಹಿಡಿದರು. ಖಳನಾಯಕ ಒಳಗೆ ಮೀಸೆ ಅಂಟಿಸಿಕೊಂಡು ಕಾದು ಕಾದು ಸುಸ್ತಾದ. ಮರುದಿನ ಅದೇ ಸಿದ್ದವ್ವ ನನಗೆ ಬುತ್ತಿ ಕಟ್ಟಿಕೊಟ್ಟಳು, ಜೋಳದ ರೊಟ್ಟಿ, ಪುಂಡಿ ಪಲ್ಯ.

ಹೀಗೆ ನಡೆಯುತ್ತಿದ್ದಾಗ ಒಂದು ಚಳಿಗಾಲ ನನ್ನ ಗಂಟಲು ಕಟ್ಟಿತು. ಕಷಾಯ ಕುಡಿದೆ, ಮೆಣಸು ಅಗಿದೆ, ಬಿಡಲಿಲ್ಲ. ಯಾದಗಿರಿಯ ಡಾಕ್ಟರು ಬಾಯಲ್ಲಿ ಸಣ್ಣ ಕನ್ನಡಿ ಇಟ್ಟು, ಬ್ಯಾಟರಿ ಬಿಟ್ಟು ನೋಡಿ, "ಸಣ್ಣ ಗಂಟು ಆಗ್ಯಾವ. ಒಂದು ತಿಂಗಳು ಮಾತೇ ಆಡಬ್ಯಾಡ್ರಿ. ಮುಂದ ಜೋರು ಹಾಡೋದು ಬಿಟ್ಟರ ಛಲೋ" ಎಂದರು. ಆ ತಿಂಗಳು ನಾನು ಮನೆಯಲ್ಲಿ ಸನ್ನೆಯಲ್ಲೇ ಬದುಕಿದೆ. ನನ್ನ ಗಂಡ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ, ಒಳ್ಳೆಯವನು. ಮದುವೆಯಾದ ಮೇಲೆ ಇಷ್ಟು ನೆಮ್ಮದಿ ಎಂದೂ ಕಂಡಿರಲಿಲ್ಲ ಎಂದು ಹಂಗಿಸುತ್ತಿದ್ದ. ನಗು ಬರುತ್ತಿತ್ತು, ಆದರೆ ಒಳಗೆ ಪದ್ಮಕ್ಕನ ಮುಖವೇ ಕಾಣುತ್ತಿತ್ತು. ಹಾಡಿಲ್ಲದ ತಾಯಿ ಪಾತ್ರ, ಅಲ್ಲಿಂದ ಮನೆ. ನಾನು ಅತ್ತದ್ದೂ ಸದ್ದಿಲ್ಲದೆ.

ತಿಂಗಳಾದ ಮೇಲೆ ಮಾಸ್ತರ ಮುಂದೆ ಹೋಗಿ ನಿಂತೆ. "ಹಾಡು ನೋಡೋಣ" ಎಂದರು. ಹಾಡಿದೆ. "ಹಿಂಗಲಿಲ್ಲ" ಸ್ವಲ್ಪ ಅಳುಕುತ್ತ ಹತ್ತಿ ನಿಂತಿತು. ಮಾಸ್ತರು ತಲೆಯಾಡಿಸಿ, "ಏನೂ ಆಗಿಲ್ಲ. ಅದೇ ಧ್ವನಿ, ಅದೇ ಕರಿ ಐದು" ಎಂದರು. ಶರಣಪ್ಪ ತಬಲಾಕ್ಕೆ ಸುತ್ತಿಗೆ ಬಡಿಯುತ್ತ ಹೂಂಗುಟ್ಟಿದ. ಆ ದಿನ ನಾನು ಯಾದಗಿರಿ ಡಾಕ್ಟರಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಮುಂದೆ ಇಪ್ಪತ್ತು ವರ್ಷದ ಮೇಲೆ ಹಾಡಿದೆ. ಕಾಲ ಬದಲಾಯಿತು. ತೂಗುವ ಮೈಕು ಹೋಗಿ ಕೊರಳಿಗೆ ಸಿಕ್ಕಿಸುವ ಮೈಕು ಬಂತು. ನಾಟಕದ ನಡುವೆ ರೆಕಾರ್ಡ್ ಡ್ಯಾನ್ಸ್ ಬಂತು. ಬೇರೆ ಮಾಸ್ತರುಗಳಲ್ಲಿ ಪೇಟಿಯ ಜಾಗಕ್ಕೆ ಕೀಬೋರ್ಡ್ ಬಂತು. ಕಾಮಿಕ್‌ನವರಲ್ಲಿ ಕೆಲವರು ಫೋನಿನಲ್ಲಿ ಬಂದ ನಗೆಹನಿಯನ್ನೇ ಒಪ್ಪಿಸತೊಡಗಿದರು. ನಾನು ಮಾತ್ರ ಹೋದ ಊರಿನಲ್ಲೆಲ್ಲ ಚಹಾದಂಗಡಿಯಲ್ಲಿ ಕುಳಿತು ಆ ಊರಿನ ಜಗಳ ಕೇಳಿಕೊಂಡೇ ಸ್ಟೇಜ್ ಹತ್ತುತ್ತಿದ್ದೆ. ಹೊಸ ಹುಡುಗಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ. "ಡಾಕ್ಟರ್ ಹಾಡಬ್ಯಾಡ ಅಂದಿದ್ದ ನನಗ. ಇವತ್ತಿಗೂ ಕರಿ ಐದು. ಒಂದು ಕೂದಲೆಳಿ ಕೆಳಗಿಳಿದಿಲ್ಲ ನಾ." ಮಾಸ್ತರು ಪಕ್ಕದಲ್ಲಿದ್ದರೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಅವರ ಬೆರಳ ಗೆಣ್ಣುಗಳು ಬಾತು ಪೇಟಿ ನುಡಿಸಲು ಬಾರದಾಯಿತು. ಅವರು ನಿಲ್ಲಿಸಿದ ಹಂಗಾಮಿಗೆ ನಾನೂ ನಿಲ್ಲಿಸಿದೆ.

ಮರುವರ್ಷ ಸುರಪುರದಲ್ಲಿ ತಾಲೂಕಿನ ಕಲಾವಿದರು ಸೇರಿ ನಮಗೊಂದು ಸನ್ಮಾನ ಇಟ್ಟುಕೊಂಡರು. ಹಗಲು ಹೊತ್ತಿನ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ಮಾಸ್ತರು, ಪಕ್ಕದಲ್ಲಿ ಶರಣಪ್ಪ. ಶಾಲು ಹೊದಿಸಿದ ಮೇಲೆ ರೊಟ್ಟಿ ಹಾಡು ಹಾಡಲೇಬೇಕೆಂದು ಜನ ಹಟ ಹಿಡಿದರು. ಕೀಬೋರ್ಡಿಗೆ ಕುಳಿತವರು ಒಬ್ಬ ಸಂಗೀತ ಶಿಕ್ಷಕರು, ನಲವತ್ತು ದಾಟಿದವರು. ನನಗೆ ಹೊಸಬರು. "ಯಾವ ಶ್ರುತಿ ಇಡ್ಲಿರಿ ಅಮ್ಮ?" ಎಂದರು. ಮೈಕಿನಲ್ಲೇ, ಎಲ್ಲರಿಗೂ ಕೇಳಿಸುವಂತೆ, "ಕರಿ ಐದು" ಎಂದೆ. ಕೆಳಗೆ ಮಾಸ್ತರು ಅರ್ಧ ಎದ್ದು ಕೈ ಎತ್ತಿದರು. ಆಶೀರ್ವಾದ ಎಂದುಕೊಂಡು ನಾನು ಕೈಮುಗಿದೆ.

ಮೊದಲ ಸಾಲು ಎಳೆದುಕೊಂಡು ಹೋದೆ. ಎರಡನೆಯ "ಹಿಂಗಲಿಲ್ಲ"ಕ್ಕೆ ಬಾಯಿ ತೆರೆದರೆ ಗಾಳಿ ಬಂತು, ಧ್ವನಿ ಬರಲಿಲ್ಲ. ಮತ್ತೆ ಎತ್ತಿದೆ, ಮತ್ತೆ ಒಡೆಯಿತು. ಆದರೆ ಮೂವತ್ತೈದು ವರ್ಷ ಸ್ಟೇಜಿನ ಮೇಲೆ ನಿಂತ ಕಾಲು ಸುಮ್ಮನಿರುವುದಿಲ್ಲ. ಸೊಂಟಕ್ಕೆ ಕೈಯಿಟ್ಟು ಕೀಬೋರ್ಡಿನವರ ಕಡೆ ತಿರುಗಿದೆ. "ಸರ, ರೊಟ್ಟಿ ಬುಟ್ಟಿ ಅಟ್ಟದ ಮ್ಯಾಲ ಇಟ್ಟೀರಲ್ರಿ. ನನ್ನ ಕೈ ನಿಲಕವಲ್ದು. ಒಂಚೂರು ಇಳಸ್ರಿ."

ಜನ ನಕ್ಕರು. ಅವರು ಗುಂಡಿ ಒತ್ತಿ ಅರ್ಧ ಸ್ವರ ಇಳಿಸಿದರು. ಹಾಡಿದೆ, ಕೂಡಲಿಲ್ಲ. "ಇನ್ನೂ ಮ್ಯಾಲೇ ಅದರಿ. ನಮ್ಮ ಅತ್ತಿ ಬೆಕ್ಕಿಗಿ ಅಂಜಿ ಇಟ್ಟಂಗ ಇಟ್ಟೀರಿ." ಮತ್ತೆ ಇಳಿಸಿದರು. ಕರಿ ನಾಲ್ಕಕ್ಕೆ ಬಂದರೂ ಇಲ್ಲ. ನಾನು ಕಾಲ್ಬೆರಳ ಮೇಲೆ ನಿಂತು ಕೈ ಚಾಚಿದೆ, ಹಾರಿದೆ, ಬಿದ್ದಂತೆ ಮಾಡಿದೆ. ಒಂದೊಂದು ಸಲ ಇಳಿಸಿದಾಗಲೂ ಸಭೆ ಮೊದಲಿಗಿಂತ ಜೋರಾಗಿ ನಕ್ಕಿತು. ಬಿಳಿ ಐದು, ಇಲ್ಲ. ಕರಿ ಮೂರು, ಇಲ್ಲ. ಬಿಳಿ ನಾಲ್ಕಕ್ಕೆ ಇಳಿಸಿದಾಗ ನನ್ನ ಧ್ವನಿ ತನ್ನ ಮನೆಯ ಹೊಸ್ತಿಲು ದಾಟಿದ ಹಾಗೆ ಹೋಗಿ ಕುಳಿತಿತು. ಅದು ಹೊಸ ಜಾಗವಲ್ಲ. ವರ್ಷಗಟ್ಟಲೆ ನಾನು ಹಾಡಿದ್ದೇ ಅಲ್ಲಿ, ಗಂಟಲಿಗೆ ಆ ಜಾಗ ಅಷ್ಟು ಪರಿಚಯ.

"ಹಿಂಗಲಿಲ್ಲ" ಎಂದು ಎತ್ತಿ ನಿಲ್ಲಿಸಿದೆ. ಚಪ್ಪಾಳೆಯ ನಡುವೆ ಕೆಳಗೆ ನೋಡಿದೆ. ಮಾಸ್ತರು ತಲೆ ಬಗ್ಗಿಸಿ ಕುಳಿತಿದ್ದರು. ಶರಣಪ್ಪ ಮೇಲಿನ ಫ್ಯಾನನ್ನು ಎಂದೂ ಫ್ಯಾನ್ ಕಾಣದವನ ಹಾಗೆ ನೋಡುತ್ತಿದ್ದ. ನನಗೆ ಎಲ್ಲವೂ ಅರ್ಥವಾಯಿತು. ಮಾಸ್ತರು ಸ್ಟೇಜಿನ ಮುಂದೆ ಕುಳಿತು ನುಡಿಸುತ್ತಿದ್ದುದರಿಂದ ನನಗೆ ಕಾಣುತ್ತಿದ್ದದ್ದು ಪೇಟಿಯ ಬೆನ್ನು ಮಾತ್ರ, ಬೆರಳು ಎಲ್ಲಿವೆ ಎಂದು ಕಂಡವಳಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಅರ್ಧ ಸ್ವರ ಇಳಿಸಿದರೆ ಯಾವ ಕಿವಿಗೆ ತಿಳಿದೀತು? ಶರಣಪ್ಪ ಆಗಾಗ ಹೊಸ ತಬಲಾ ತರುತ್ತಿದ್ದ, ಹಳೆಯದರ ಚರ್ಮ ಹರಿದಿದೆ ಎನ್ನುತ್ತಿದ್ದ. ಶ್ರುತಿ ಇಳಿದರೆ ತಬಲಾದ ಬಾಯಿ ದೊಡ್ಡದಾಗಬೇಕು. ಇಬ್ಬರೂ ಸೇರಿ ಮಾಡಿದ್ದರು.

ನನಗೆ ಕೆಟ್ಟ ಸಿಟ್ಟು ಬಂತು. ಅವರಿಬ್ಬರ ಮುಖ ನೋಡದೆ ಮನೆಗೆ ಬಂದೆ. ಫೋನ್ ಮಾಡಿದರೂ ಎತ್ತಲಿಲ್ಲ. ಜಂಬ ಕೊಚ್ಚಿಕೊಂಡ ಒಂದೊಂದು ಸಲವೂ ನೆನಪಾಗಿ ಮೈ ಉರಿಯಿತು. ಕೆಲವು ದಿನ ಹಾಗೇ ಕಳೆದು, ಒಂದು ಬೆಳಿಗ್ಗೆ ತಡೆಯದೆ ಸಗರದ ಬಸ್ ಹತ್ತಿದೆ.

ಮಾಸ್ತರು ಪಡಸಾಲೆಯಲ್ಲಿ ಪೇಟಿ ಮುಂದಿಟ್ಟುಕೊಂಡು ಧೂಳು ಒರೆಸುತ್ತಿದ್ದರು. ನಾನು ನಿಂತೇ ಕೇಳಿದೆ. "ಯಾವಾಗಿಂದ ಮಾಸ್ತರ್ರಿ?"

"ಡಾಕ್ಟರ್ ಬಲ್ಲಿಂದ ಬಂದು ಹಾಡಿದಿಯಲ್ಲ, ಅವತ್ತೇ ಮೊದಲನೇದು."

"ನನಗ ಯಾಕ ಹೇಳಲಿಲ್ಲ? ನನ್ನ ಧ್ವನಿ, ನನಗ ಗೊತ್ತಿರಬಾರದಿತ್ತೇನು?"

ಅವರು ಒರೆಸುವುದನ್ನು ನಿಲ್ಲಿಸಿದರು. "ಪದ್ಮವ್ವಗ ಹೇಳಿದ್ದೆ. ಧ್ವನಿ ಇಳದದ, ನೀನೂ ಒಂದು ಪಟ್ಟಿ ಇಳಿ ಅಂತ ಖುಲ್ಲಾ ಹೇಳಿದ್ದೆ. ಮರುದಿನದಿಂದ ಆಕಿ ಮಂದಿನ ನೋಡೋದು ಬಿಟ್ಟು ತನ್ನ ಗಂಟಲಾ ನೋಡಾಕತ್ತಳು. ಗಂಟಲಾ ನೋಡ್ಕೋಂತ ನಿಂತಾಕಿ ಯಾರನ್ನ ನಗಸ್ಯಾಳು? ಧ್ವನಿಗಿಂತ ಮೊದಲ ಆಕಿ ನಗಿ ಹೋತು, ಚಂದ್ರವ್ವ. ಹೇಳಿ ಕಳೆದವ ನಾನೇ." ಒರೆಸುವ ಬಟ್ಟೆ ಕೆಳಗಿಟ್ಟು ಹೇಳಿದರು: "ನಿನ್ನನ್ನೂ ಕಳೀಲಾಕ ನನಗ ಧೈರ್ಯ ಆಗಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಣ್ಣೀರು ಬಂತು, ತಡೆಯಲಿಲ್ಲ. ಆ ಮನುಷ್ಯನ ಮೇಲೆ ಇದ್ದ ಪ್ರೀತಿಯನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅಂದೂ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ. ನನ್ನ ತಂದೆ ಹೆಸರು ಕೊಟ್ಟ, ಖಾದರ್ ಮಾಸ್ತರು ಇಪ್ಪತ್ತು ವರ್ಷದ ಬದುಕು ಕೊಟ್ಟರು.

"ಬೆರಳು ಮಡಚವಲ್ದು ನನಗ," ಎಂದರು. "ಈ ಕಡೆ ಬಾ. ನಾ ಗಾಳಿ ಹಾಕ್ತೀನಿ, ನೀ ಪಟ್ಟಿ ಒತ್ತು."

ಮೊದಲ ಸಲ ನಾನು ಪೇಟಿಯ ಆ ಬದಿಗೆ ಹೋಗಿ ಅವರ ಪಕ್ಕ ಕುಳಿತೆ. ಕರಿ ಬಿಳಿ ಪಟ್ಟಿಗಳೆಲ್ಲ ಕಣ್ಣ ಮುಂದಿದ್ದವು. ನಡುವಿನ ಕೆಲವು ಬಿಳಿ ಪಟ್ಟಿಗಳು ಬೆರಳು ಆಡಿ ಆಡಿ ಹಳದಿಯಾಗಿದ್ದವು. "ಯಾವುದು ಒತ್ತಲಿ?" ಎಂದೆ.

"ನನಗೇನು ಕೇಳ್ತಿ? ನಿನ್ನ ಧ್ವನಿ, ನೀನೇ ಹುಡುಕು."

ಕರಿ ಐದರ ಮೇಲೆ ಬೆರಳಿಟ್ಟು ಗುನುಗಿದೆ. ಒಂದು ಪಟ್ಟಿ ಬಿಟ್ಟೆ, ಇನ್ನೊಂದು ಬಿಟ್ಟೆ. ಬಿಳಿ ನಾಲ್ಕೂ ಸ್ವಲ್ಪ ಬಿಗಿ ಅನಿಸಿತು. ಆ ಸನ್ಮಾನದ ದಿನ ಹಟದಿಂದ ನಿಂತಿದ್ದ ಧ್ವನಿ ಇಂದು ಅಲ್ಲಿಯೂ ನಿಲ್ಲಲಿಲ್ಲ. ಇನ್ನೂ ಒಂದು ಇಳಿದೆ. ಬಿಳಿ ಮೂರರಲ್ಲಿ ಅದು ಹಗುರಾಗಿ ಕೂಡಿತು. ಮಾಸ್ತರು ನನ್ನ ಮುಖ ನೋಡಿದರು, ಹೆದರಿದ್ದೇನೋ ಎಂದು.

"ಇಲ್ಲಿ ಅದ ನೋಡ್ರಿ" ಎಂದೆ. ಅವರು ಗಾಳಿ ಹಾಕುತ್ತಲೇ ಇದ್ದರು. ನಾನು ಬೆರಳು ತೆಗೆಯದೆ ಹಾಡಿದೆ.